ಟಿಕೆಟ್ ದರದಲ್ಲಿ ಕತ್ತಲೆಯೂ ಸೇರಿದೆ

ಚಿತ್ರಮಂದಿರದ ಪರದೆ ಎಷ್ಟು ಬೆಳಗಬೇಕು ಎಂಬುದಕ್ಕೆ ಜಗತ್ತಿನಾದ್ಯಂತ ಒಪ್ಪಿತವಾದ ಒಂದು ಅಳತೆ ಇದೆ. ಪರದೆಯ ಮೇಲೆ ಅಚ್ಚ ಬಿಳಿ ಬಿದ್ದಾಗ ಅದರ ಹೊಳಪು 14 ಫುಟ್-ಲ್ಯಾಂಬರ್ಟ್, ಅಂದರೆ ಸುಮಾರು 48 ನಿಟ್ಸ್. ಈಗ ನಮ್ಮ ಜೇಬಿನಲ್ಲಿರುವ ಸಾಧಾರಣ ಸ್ಮಾರ್ಟ್‌ಫೋನ್ ಪೂರ್ತಿ ಹೊಳಪಿನಲ್ಲಿ 500 ನಿಟ್ಸ್ ದಾಟುತ್ತದೆ. ಮುಂದಿನ ಸಾಲಿನಲ್ಲಿ ಯಾರೋ ವಾಟ್ಸ್ಆ್ಯಪ್ ತೆರೆದರೆ ಅಂಗೈಯಗಲದ ಆ ಗಾಜು ಅಷ್ಟೇ ಅಗಲದ ಸಿನಿಮಾ ಪರದೆಗಿಂತ ಹತ್ತು ಪಟ್ಟು ಪ್ರಖರವಾಗಿ ಕಣ್ಣಿಗೆ ಹೊಡೆಯಬಲ್ಲದು. ಕತ್ತಲಲ್ಲಿ ಫೋನು ತಾನೇ ಹೊಳಪು ತಗ್ಗಿಸಿಕೊಳ್ಳುತ್ತದೆ ಎನ್ನುವವರಿದ್ದಾರೆ. ನಿಜ, ಆದರೆ ಇರುಳಿನ ದೃಶ್ಯದಲ್ಲಿ ಪರದೆಯ ಬಹುಭಾಗ ಒಂದೆರಡು ನಿಟ್ಸ್‌ಗೆ ಇಳಿದಿರುತ್ತದೆ. ತಗ್ಗಿದ ಫೋನಿನ ಬೆಳಕೂ ಅದಕ್ಕಿಂತ ಹೆಚ್ಚೇ.

ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಹಾಗೆ ಒಗ್ಗಿದ ಕಣ್ಣು ಬಿಳಿ ಬೆಳಕಿನ ಒಂದು ಹೊಡೆತಕ್ಕೆ ಹಿಂದಕ್ಕೆ ಹೋಗುತ್ತದೆ. ‘ಕಾಂತಾರ’ದ ಕೊನೆಯ ಭಾಗವನ್ನು ನೆನಪಿಸಿಕೊಳ್ಳಿ. ಛಾಯಾಗ್ರಾಹಕ ಅರವಿಂದ್ ಕಶ್ಯಪ್ ದೀವಟಿಗೆಯ ಕೆಂಪು, ಕಾಡಿನ ಕಪ್ಪು, ಮುಖದ ಮೇಲಿನ ಬಣ್ಣಗಳ ನಡುವೆ ಎಷ್ಟು ಸಣ್ಣ ಅಂತರಗಳನ್ನು ಇಟ್ಟಿದ್ದಾರೆ! ಪಕ್ಕದ ಸೀಟಿನ ಫೋನು ಹತ್ತು ಸೆಕೆಂಡ್ ಹೊತ್ತಿದರೆ ನೋಡುಗನಿಗೆ ಆ ಅಂತರಗಳು ಮಸುಕಾಗುತ್ತವೆ. ಕಾಸು ಕೊಟ್ಟು ಬಂದವನು ತನ್ನ ತಪ್ಪಿಲ್ಲದೆಯೂ ಬೇರೆಯದೇ, ಕಳಪೆಯಾದ ಚಿತ್ರವೊಂದನ್ನು ನೋಡಿ ಹೋಗುತ್ತಾನೆ.

ಇದು ಬರೀ ಕಿರಿಕಿರಿಯ ಮಾತಲ್ಲ ಎಂದು ಹೇಳಲಿಕ್ಕೇ ಇಷ್ಟು ಲೆಕ್ಕ ಕೊಟ್ಟೆ. ಈ ವಿಷಯ ಎತ್ತಿದ ಕೂಡಲೇ ಬರುವ ಒಂದು ಉತ್ತರವಿದೆ: ‘ನಮ್ಮ ಜನ ಸಿನಿಮಾ ನೋಡುವುದೇ ಹಾಗೆ, ಶಿಳ್ಳೆ ಹೊಡೆಯುವವರಿಗೆ ಮೌನ ಕಲಿಸಲು ಹೋಗಬೇಡಿ’. ನಾನು ಮೌನ ಕೇಳುತ್ತಿಲ್ಲ. ಗಾಂಧಿನಗರದ ಫಸ್ಟ್ ಡೇ ಫಸ್ಟ್ ಶೋನಲ್ಲಿ ನಾಯಕನ ಎಂಟ್ರಿಗೆ ಎದ್ದು ಕುಣಿಯುವವರು, ಚೂರು ಕಾಗದ ತೂರುವವರು, ಡೈಲಾಗನ್ನು ನಟನಿಗಿಂತ ಮೊದಲೇ ಹೇಳಿಬಿಡುವವರು ಎಲ್ಲರೂ ಪರದೆಯ ಕಡೆಗೇ ಮುಖ ಮಾಡಿರುತ್ತಾರೆ. ಅವರ ಗದ್ದಲ ಚಿತ್ರಕ್ಕೆ ಕೊಟ್ಟ ಪ್ರತಿಕ್ರಿಯೆ, ಪಕ್ಕದವನೂ ಅದರಲ್ಲಿ ಪಾಲುದಾರ. ‘ಸು ಫ್ರಮ್ ಸೋ’ಗೆ 2025ರಲ್ಲಿ ತುಂಬಿದ ಹಾಲ್‌ಗಳಲ್ಲಿ ಎದ್ದ ನಗುವನ್ನು ಮನೆಯ ಸೋಫಾದಲ್ಲಿ ಪಡೆಯಲು ಆಗುವುದಿಲ್ಲ. ಆದರೆ ಫೋನು ತೆರೆದವನು ಕೂತಲ್ಲೇ ಹಾಲ್‌ನಿಂದ ಹೊರಗೆ ಹೋಗಿರುತ್ತಾನೆ. ತಾನು ಹೋಗುವುದಷ್ಟೇ ಅಲ್ಲ, ಹಿಂದಿನ ಎರಡು ಮೂರು ಸಾಲುಗಳನ್ನೂ ಎಳೆದುಕೊಂಡು ಹೋಗುತ್ತಾನೆ. ಕರೆ ಸ್ವೀಕರಿಸಿ, ‘ಹಾ, ಪಿಕ್ಚರಲ್ಲಿದೀನಿ, ಹೇಳು’ ಎಂದು ಮಾತು ಮುಂದುವರಿಸುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ತಪ್ಪೆಂದು ಅವರಿಗೂ ಗೊತ್ತು.

ತಪ್ಪೆಂದು ಗೊತ್ತಿದ್ದೂ ನಡೆಯುತ್ತಿರುವುದಕ್ಕೆ ಕಾರಣವನ್ನು ಪ್ರೇಕ್ಷಕರ ಸಂಸ್ಕಾರದಲ್ಲಿ ಹುಡುಕುವುದು ನಮಗೆ ರೂಢಿ. ನಾನು ಅದನ್ನು ಒಪ್ಪುವುದಿಲ್ಲ. ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ ನೋಡಿ. 2004ರಲ್ಲಿ ಶುರುವಾದ ಆ ರಂಗಮಂದಿರದಲ್ಲಿ ನಾಟಕ ಹೇಳಿದ ಹೊತ್ತಿಗೆ ಆರಂಭವಾಗುತ್ತದೆ. ತಡವಾಗಿ ಬಂದವರಿಗೆ, ಅವರು ಯಾರೇ ಇರಲಿ, ಬಾಗಿಲು ತೆರೆಯುವುದಿಲ್ಲ. ಫೋನು ಬಂದ್ ಮಾಡಿ ಎಂದ ಮೇಲೆ ಜನ ಬಂದ್ ಮಾಡುತ್ತಾರೆ. ಅಲ್ಲಿಗೆ ಬರುವವರು ಬೇರೆ ಊರಿನವರಲ್ಲ. ಶನಿವಾರ ಅಲ್ಲಿ ನಾಟಕ ನೋಡಿದವರೇ ಭಾನುವಾರ ಮಾಲ್‌ನಲ್ಲಿ ಸಿನಿಮಾ ನೋಡುವಾಗ ಮೂರು ಸಲ ಫೋನು ತೆಗೆಯುತ್ತಾರೆ. ನಾಟಕದಲ್ಲಿ ಎದುರಿಗೆ ಜೀವಂತ ನಟರಿರುತ್ತಾರೆ, ಅದು ಬೇರೆ ಎನ್ನಬಹುದು. ಅದೂ ಒಂದು ಕಾರಣವೇ. ಆದರೆ ಮುಖ್ಯವಾದ ವ್ಯತ್ಯಾಸ ಬಾಗಿಲಲ್ಲಿ ನಿಂತ ಮನುಷ್ಯನದ್ದು. ಅಲ್ಲಿ ನಿಯಮಕ್ಕೆ ಹೊಣೆ ಹೊತ್ತವರಿದ್ದಾರೆ. ಸಿನಿಮಾ ಮಂದಿರದಲ್ಲಿ ಈಗ ಅಂಥವರಿಲ್ಲ.

ಹಿಂದೆ ಇದ್ದರು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ನೋಡಿದವರಿಗೆ ನಿಕ್ಕಿ ನೆನಪಿರುತ್ತಾನೆ. ಸತೀಶ್ ನೀನಾಸಂ ಮಾಡಿದ ಆ ಪಾತ್ರದ ಕೆಲಸ ಥಿಯೇಟರಿನಲ್ಲಿ ಟಾರ್ಚ್ ಬಿಡುವುದು. ಸಿಂಗಲ್ ಸ್ಕ್ರೀನ್‌ಗಳ ಕಾಲದಲ್ಲಿ ಟಾರ್ಚ್ ಬಿಡುವವನು ಸೀಟು ತೋರಿಸುವುದಷ್ಟೇ ಅಲ್ಲದೆ ಗಲಾಟೆ ಮಾಡುವವರ ಮುಖಕ್ಕೆ ಬೆಳಕು ಬಿಡುತ್ತಿದ್ದ, ಮುಂದಿನ ಸೀಟಿಗೆ ಕಾಲು ಚಾಚಿದವರಿಗೆ ಗದರುತ್ತಿದ್ದ, ಹೆಂಗಸರ ಸಾಲಿನ ಹಿಂದೆ ಕೀಟಲೆ ಮಾಡುವವರನ್ನು ಎಬ್ಬಿಸುತ್ತಿದ್ದ. ಅವನಿಗೆ ಸಂಬಳ ಕಡಿಮೆ, ಅಧಿಕಾರ ಮಾತ್ರ ಇತ್ತು. ಬೆಂಗಳೂರಿನ ಕಪಾಲಿ ಥಿಯೇಟರ್ 2017ರಲ್ಲಿ, ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯಲ್ಲಿ ಬಾಗಿಲು ಹಾಕಿದವು. ಇಂಥ ಚಿತ್ರಮಂದಿರಗಳು ಮುಚ್ಚಿದಾಗ ನಾವು ಕಟ್ಟಡಗಳ ಬಗ್ಗೆ ಕೊರಗಿದೆವು. ಅವುಗಳ ಜೊತೆಗೆ ಒಂದು ಉದ್ಯೋಗವೂ, ಆ ಉದ್ಯೋಗ ಕಾಪಾಡುತ್ತಿದ್ದ ಶಿಸ್ತೂ ಹೋದದ್ದನ್ನು ಗಮನಿಸಲಿಲ್ಲ.

ಮಲ್ಟಿಪ್ಲೆಕ್ಸ್‌ನಲ್ಲಿ ಟಿಕೆಟ್ ಸ್ಕ್ಯಾನ್ ಮಾಡುವವರೆಗೆ ಸಿಬ್ಬಂದಿ ಇರುತ್ತಾರೆ. ಒಳಗೆ ಬಂದ ಮೇಲೆ ಕತ್ತಲಲ್ಲಿ ಓಡಾಡುವುದು ಪಾಪ್‌ಕಾರ್ನ್ ತಟ್ಟೆ ಹಿಡಿದವರು ಮಾತ್ರ. ಮುಂದಿನವನ ಫೋನಿನ ಬಗ್ಗೆ ದೂರು ಹೇಳಬೇಕೆಂದರೆ ಆರು ಜನರ ಮೊಣಕಾಲು ದಾಟಿ, ಮೆಟ್ಟಿಲಿಳಿದು, ಹೊರಗೆ ಹೋಗಿ, ಕೌಂಟರಿನಲ್ಲಿ ಯಾರನ್ನೋ ಹುಡುಕಬೇಕು. ಅಷ್ಟರಲ್ಲಿ ಚಿತ್ರದ ಹತ್ತು ನಿಮಿಷ ಹೋಗಿರುತ್ತದೆ. ಬೇಡವೆಂದು ತಾವೇ ಬಾಗಿ, ‘ಸಾರ್, ಸ್ವಲ್ಪ ಫೋನು...’ ಎಂದವರಿಗೆ ಸಿಗುವ ಉತ್ತರ ಅದನ್ನು ಕೇಳಿದವರಿಗೇ ಗೊತ್ತು. ಒಂಟಿಯಾಗಿ ಬಂದ ಹೆಣ್ಣುಮಗಳು, ಎಪ್ಪತ್ತು ದಾಟಿದ ಹಿರಿಯರು ಆ ಮಾತನ್ನು ಬಾಯಿಗೆ ತರುವ ಮುನ್ನ ನೂರು ಸಲ ಯೋಚಿಸುತ್ತಾರೆ, ಕೊನೆಗೆ ಸುಮ್ಮನಾಗುತ್ತಾರೆ.

ಈ ಕೆಲಸವನ್ನು ಪ್ರೇಕ್ಷಕರಿಗೇ ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ಒಂದು ಘಟನೆ ಇದೆ. 2014ರ ಜನವರಿಯಲ್ಲಿ ಫ್ಲಾರಿಡಾದ ವೆಸ್ಲಿ ಚಾಪೆಲ್‌ನಲ್ಲಿ ಮಧ್ಯಾಹ್ನದ ಆಟ, ಇನ್ನೂ ಟ್ರೇಲರ್‌ಗಳು ಓಡುತ್ತಿದ್ದವು. ಮುಂದಿನ ಸಾಲಿನ ವ್ಯಕ್ತಿಯೊಬ್ಬರು ಫೋನಿನಲ್ಲಿದ್ದರು, ಶಿಶುವಿಹಾರದಲ್ಲಿದ್ದ ಪುಟ್ಟ ಮಗಳ ವಿಚಾರಕ್ಕೆ ಎಂದು ವರದಿಯಾಯಿತು. ಹಿಂದೆ ಕೂತಿದ್ದ ನಿವೃತ್ತ ಪೊಲೀಸ್ ಅಧಿಕಾರಿ ಆಕ್ಷೇಪಿಸಿದರು. ಮ್ಯಾನೇಜರ್‌ಗೆ ಹೇಳಲು ಹೊರಗೆ ಹೋಗಿ ಒಬ್ಬರೇ ವಾಪಸ್ ಬಂದರು. ಮಾತು ಬೆಳೆಯಿತು, ಪಾಪ್‌ಕಾರ್ನ್ ತೂರಾಯಿತು, ಅಧಿಕಾರಿ ಪಿಸ್ತೂಲು ತೆಗೆದು ಗುಂಡು ಹಾರಿಸಿದರು, ಆ ತಂದೆ ಸತ್ತರು. ಆತ್ಮರಕ್ಷಣೆ ಎಂಬ ವಾದ ಒಪ್ಪಿದ ಜ್ಯೂರಿ 2022ರಲ್ಲಿ ಅವರನ್ನು ಖುಲಾಸೆ ಮಾಡಿತು. ನಮ್ಮಲ್ಲಿ ಪಿಸ್ತೂಲು ಇಟ್ಟುಕೊಂಡು ಸಿನಿಮಾಕ್ಕೆ ಬರುವವರಿಲ್ಲ ಎಂಬ ಸಮಾಧಾನ ಇರಲಿ. ಆದರೆ ಆ ಮಧ್ಯಾಹ್ನ ಮ್ಯಾನೇಜರ್ ಜೊತೆಗೆ ಬಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅದೇ ಅಮೆರಿಕದಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಹುಟ್ಟಿದ ಆಲಮೊ ಡ್ರಾಫ್ಟ್‌ಹೌಸ್ ಇನ್ನೊಂದು ದಾರಿ ಹಿಡಿಯಿತು. ಒಮ್ಮೆ ಎಚ್ಚರಿಕೆ, ಮತ್ತೆ ಫೋನು ತೆಗೆದರೆ ಹೊರಗೆ, ಟಿಕೆಟ್ ಹಣ ವಾಪಸ್ ಇಲ್ಲ. ಹೀಗೆ ಹೊರಹಾಕಿಸಿಕೊಂಡ ಗಿರಾಕಿಯೊಬ್ಬರು ಸಿಟ್ಟಿನಿಂದ ಬಿಟ್ಟ ಧ್ವನಿ ಸಂದೇಶವನ್ನೇ 2011ರಲ್ಲಿ ಜಾಹೀರಾತಾಗಿ ಬಳಸಿಕೊಂಡಿತು. ಜನ ಮೆಚ್ಚಿದರು. ಐದು ವರ್ಷದ ನಂತರ ಎಎಂಸಿ ಎಂಬ ದೊಡ್ಡ ಸರಪಳಿಯ ಮುಖ್ಯಸ್ಥ ಆ್ಯಡಮ್ ಆ್ಯರನ್, ಯುವಜನರನ್ನು ಸೆಳೆಯಲು ಕೆಲವು ಹಾಲ್‌ಗಳಲ್ಲಿ ಮೆಸೇಜ್ ಮಾಡಲು ಬಿಡಬಹುದು ಎಂದರು. ಪ್ರೇಕ್ಷಕರು ಎಷ್ಟು ರೊಚ್ಚಿಗೆದ್ದರೆಂದರೆ ಕೆಲವೇ ದಿನಗಳಲ್ಲಿ ಆ ಆಲೋಚನೆಯನ್ನು ಕೈಬಿಡಬೇಕಾಯಿತು. ಕಟ್ಟುನಿಟ್ಟು ಮಾಡಿದರೆ ಗಿರಾಕಿ ತಪ್ಪಿಹೋಗುತ್ತಾರೆ ಎಂಬ ಭಯ ನಮ್ಮ ಪ್ರದರ್ಶಕರಿಗೂ ಇದ್ದಂತಿದೆ. ಕಟ್ಟುನಿಟ್ಟಿಲ್ಲದ ಕಾರಣಕ್ಕೆ ‘ಓಟಿಟಿಗೆ ಬಂದ ಮೇಲೆ ನೋಡೋಣ’ ಎಂದು ಮನೆಯಲ್ಲೇ ಉಳಿದವರು ಅವರ ಲೆಕ್ಕದಲ್ಲಿ ಕಾಣಿಸುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಹಲವು ಮಲ್ಟಿಪ್ಲೆಕ್ಸ್‌ಗಳು ಫೋನನ್ನು ಕೈಯಲ್ಲೇ ಇಟ್ಟುಕೊಳ್ಳುವ ಅಭ್ಯಾಸವನ್ನು ತಾವೇ ಬೆಳೆಸುತ್ತಿವೆ. ಸೀಟಿನ ತೋಳಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿ, ಕೂತಲ್ಲೇ ಸ್ಕ್ಯಾನ್ ಮಾಡಿ ಸಮೋಸ ತರಿಸಿಕೊಳ್ಳಿ ಎನ್ನುತ್ತವೆ. ದೊಡ್ಡ ಸರಪಳಿಗಳ ಆದಾಯದಲ್ಲಿ ತಿಂಡಿ–ಪಾನೀಯದ ಪಾಲು ಸುಮಾರು ಮೂರನೇ ಒಂದರಷ್ಟಿದೆ, ಆದ್ದರಿಂದ ಈ ಆಹ್ವಾನ ಸುಲಭಕ್ಕೆ ನಿಲ್ಲದು. ಜೊತೆಗೆ ಜಾಹೀರಾತುಗಳು. 4.05ರ ಆಟಕ್ಕೆ ಚಿತ್ರ ಶುರುವಾದದ್ದು 4.30ಕ್ಕೆ ಎಂದು ಪ್ರೇಕ್ಷಕರೊಬ್ಬರು ಕೊಟ್ಟ ದೂರಿನ ಮೇಲೆ ಬೆಂಗಳೂರಿನ ಗ್ರಾಹಕರ ಆಯೋಗ 2025ರ ಫೆಬ್ರುವರಿಯಲ್ಲಿ ಪರಿಹಾರಕ್ಕೆ ಆದೇಶಿಸಿತ್ತು. ಮುಂದಿನ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಕಾನೂನಿನ ಪ್ರಶ್ನೆಯನ್ನು ನ್ಯಾಯಾಲಯ ನೋಡಿಕೊಳ್ಳಲಿ. ಆ ಇಪ್ಪತ್ತೈದು ನಿಮಿಷ ಪ್ರೇಕ್ಷಕ ಏನು ಮಾಡುತ್ತಿರುತ್ತಾನೆ? ಫೋನು ನೋಡುತ್ತಿರುತ್ತಾನೆ. ಚಿತ್ರ ಯಾವ ಗಳಿಗೆಯಲ್ಲಿ ಶುರುವಾಗುತ್ತದೆ ಎಂಬುದೇ ಅವನಿಗೆ ತಿಳಿಯದು. ಒಂದು ಜಾಹೀರಾತು ಮುಗಿದು ಇನ್ನೊಂದು ಬಂದಂತೆ ಚಿತ್ರವೂ ಬರುತ್ತದೆ, ಫೋನು ಕೈಯಲ್ಲೇ ಉಳಿಯುತ್ತದೆ. ‘ದಯವಿಟ್ಟು ಮೊಬೈಲ್ ಸೈಲೆಂಟ್ ಮಾಡಿ’ ಎಂಬ ಸ್ಲೈಡು ಚಿನ್ನದಂಗಡಿ ಮತ್ತು ಸಿಮೆಂಟಿನ ನಡುವೆ ಐದು ಸೆಕೆಂಡಿನಲ್ಲಿ ಬಂದು ಹೋಗಿರುತ್ತದೆ.

ಹಾಗಾದರೆ ಸಿಗ್ನಲ್ಲನ್ನೇ ತಡೆಯಬಾರದೇ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಖಾಸಗಿಯವರು ಜಾಮರ್ ಬಳಸುವುದು ನಮ್ಮಲ್ಲಿ ಕಾನೂನುಬಾಹಿರ, ಹಾಗಿರುವುದೇ ಸರಿ. ಐಸಿಯುನಲ್ಲಿ ತಂದೆಯನ್ನು ಮಲಗಿಸಿ ಮಕ್ಕಳ ಒತ್ತಾಯಕ್ಕೆ ಬಂದವರು ಇರಬಹುದು, ಕರೆ ಬಂದರೆ ಓಡಬೇಕಾದ ಹೆರಿಗೆ ವೈದ್ಯರು ಇರಬಹುದು. ಅವರಿಗೆ ಬೇಕಾದದ್ದು ಜೇಬಿನಲ್ಲಿ ಅದುರುವ ಫೋನು ಮತ್ತು ಬಾಗಿಲ ಹತ್ತಿರದ ಸೀಟು. ಅಲ್ಲದೆ ನಮಗೆ ಹಾಲಿವುಡ್ ಪ್ರೇಕ್ಷಕರಿಗೆ ಇಲ್ಲದ ಒಂದು ಅನುಕೂಲವಿದೆ. ನಮ್ಮ ಚಿತ್ರಗಳಿಗೆ ಇಂಟರ್‌ವಲ್ ಇದೆ. ಒಂದು ಗಂಟೆ ಹದಿನೈದು ನಿಮಿಷ ತಡೆದರೆ ದೀಪ ಹತ್ತುತ್ತದೆ. ಅಷ್ಟು ಹೊತ್ತೂ ಕಾಯಲಾರದ ಸಂದೇಶಗಳು ಎಷ್ಟಿದ್ದಾವು?

ಬಗೆಹರಿಯದ ರೋಗ ಇದೆಂದು ಕೈಚೆಲ್ಲುವವರು ಬೀಡಿ ಸಿಗರೇಟನ್ನು ನೆನೆಯಬೇಕು. ಪ್ರೊಜೆಕ್ಟರಿನ ಬೆಳಕಿನಲ್ಲಿ ಹೊಗೆ ಸುರುಳಿ ಸುತ್ತುತ್ತಿದ್ದುದನ್ನು ಹಳೆಯ ತಲೆಮಾರಿನವರು ಕಂಡಿದ್ದಾರೆ. ಇಂದು ಹಾಲ್ ಒಳಗೆ ಯಾರೂ ಬೆಂಕಿಕಡ್ಡಿ ಗೀರುವುದಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯುವ ನಿಯಮಗಳು 2008ರ ಅಕ್ಟೋಬರ್ 2ರಂದು ಜಾರಿಗೆ ಬಂದಾಗ ಸೇದುವವರಿಗಷ್ಟೇ ದಂಡ ಇಟ್ಟಿರಲಿಲ್ಲ. ದೂರು ಬಂದರೂ ಕ್ರಮ ಕೈಗೊಳ್ಳದ ಮಾಲೀಕ ಅಥವಾ ಮ್ಯಾನೇಜರ್ ಕೂಡ ದಂಡ ತೆರಬೇಕಿತ್ತು. ಹೊಣೆ ಯಾರ ಮೇಲೆ ಎಂಬುದು ಸ್ಪಷ್ಟವಾಗಿತ್ತು. ಫೋನು ತೆಗೆದವನನ್ನು ಪೊಲೀಸರು ಹಿಡಿಯಬೇಕೆಂದು ನಾನು ಬಯಸುವುದಿಲ್ಲ. ಆದರೆ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಲು ಚಿತ್ರಮಂದಿರಗಳ ನಿಯಮಗಳಿಗೆ 2025ರ ಸೆಪ್ಟೆಂಬರಿನಲ್ಲಿ ತಿದ್ದುಪಡಿ ತಂದ ರಾಜ್ಯ ಸರ್ಕಾರ (ಅದಕ್ಕೆ ಅದೇ ತಿಂಗಳು ಹೈಕೋರ್ಟ್ ತಡೆ ನೀಡಿದ್ದು ಬೇರೆ ಮಾತು), ಪ್ರದರ್ಶನ ನಡೆಯುವಾಗ ಪ್ರತಿ ಹಾಲ್‌ನಲ್ಲೂ ಒಬ್ಬ ಸಿಬ್ಬಂದಿ ಇರಬೇಕು ಎಂಬ ಷರತ್ತನ್ನೂ ಪರವಾನಗಿಗೆ ಸೇರಿಸಬಹುದು. ಬೆಂಕಿ, ನೂಕುನುಗ್ಗಲು, ಅಸ್ವಸ್ಥರಾದವರ ನೆರವು ಎಲ್ಲಕ್ಕೂ ಆ ಮನುಷ್ಯ ಬೇಕು. ಸೀಟಿನ ಕ್ಯೂಆರ್ ಕೋಡನ್ನು ಇಂಟರ್‌ವಲ್‌ಗೆ ಮೀಸಲಿಡುವುದು, ಟಿಕೆಟ್ ಮೇಲೆ ಚಿತ್ರ ನಿಜವಾಗಿ ಶುರುವಾಗುವ ಸಮಯ ಮುದ್ರಿಸುವುದು ಪ್ರದರ್ಶಕರು ನಾಳೆಯೇ ಮಾಡಬಹುದಾದ ಕೆಲಸ.

ಉಳಿದದ್ದು ಚಿತ್ರರಂಗದ ಪಾಲು, ಅದು ಸಣ್ಣದಲ್ಲ. ಹೀರೊ ಎಂಟ್ರಿಯನ್ನು ನೂರಾರು ಕೈಗಳು ಎತ್ತಿ ಹಿಡಿದು ಚಿತ್ರೀಕರಿಸುತ್ತವೆ, ಆಟ ಮುಗಿಯುವ ಮೊದಲೇ ಅದು ಸ್ಟೇಟಸ್ಸಿನಲ್ಲಿ, ರೀಲ್ಸ್‌ನಲ್ಲಿ ಇರುತ್ತದೆ. 2023ರ ಸಿನಿಮಾಟೊಗ್ರಾಫ್ ತಿದ್ದುಪಡಿ ಕಾಯ್ದೆ ಚಿತ್ರದ ಒಂದು ಭಾಗವನ್ನು ಅಕ್ರಮವಾಗಿ ನಕಲು ಮಾಡುವ ಉದ್ದೇಶದಿಂದ ಚಿತ್ರೀಕರಿಸಿದರೂ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ ಎನ್ನುತ್ತದೆ. ಪೈರಸಿಯ ವಿರುದ್ಧ ಈ ಕಾನೂನು ಬೇಕೆಂದು ಕೇಳಿದ್ದು ಚಿತ್ರರಂಗವೇ. ಆದರೆ ಬಿಡುಗಡೆಯ ದಿನ ಥಿಯೇಟರ್ ರೆಸ್ಪಾನ್ಸ್ ಎಂದು ಅಂಥದೇ ತುಣುಕುಗಳನ್ನು ಹೆಮ್ಮೆಯಿಂದ ಹಂಚುವ ಚಿತ್ರತಂಡಗಳೂ ಇವೆ. ಹದಿನೆಂಟರ ಹುಡುಗ ಇದರಿಂದ ಏನು ಕಲಿಯಬೇಕು? ಅಭಿಮಾನಿಗೆ ಮ್ಯಾನೇಜರಿನ ಮಾತು ಕೇಳಿಸದೇ ಹೋಗಬಹುದು, ಅವನು ಆರಾಧಿಸುವ ನಟನ ಮಾತು ಖಂಡಿತ ಕೇಳಿಸುತ್ತದೆ. ಚಿತ್ರ ಶುರುವಾಗುವ ಮುನ್ನ ಆ ಚಿತ್ರದ ನಾಯಕನೇ ಪರದೆಯ ಮೇಲೆ ಬಂದು, ‘ಇನ್ನು ಎರಡೂವರೆ ಗಂಟೆ ಫೋನು ಜೇಬಿನಲ್ಲಿರಲಿ, ಶಿಳ್ಳೆ ಮಾತ್ರ ಜೋರಾಗಿರಲಿ’ ಎಂದು ಹೇಳಲಿ. ಟೀಸರ್‌ಗೆಂದೇ ಪ್ರತ್ಯೇಕ ಚಿತ್ರೀಕರಣ ಇಟ್ಟುಕೊಳ್ಳುವ ನಿರ್ಮಾಪಕರು ಈ ಒಂದು ಮಾತಿಗಾಗಿ ನಟರಿಂದ ಅರ್ಧ ಗಂಟೆ ಕೇಳಿ ಪಡೆಯಬೇಕು, ಚಲನಚಿತ್ರ ವಾಣಿಜ್ಯ ಮಂಡಳಿ ಅದನ್ನು ಪ್ರತಿ ಬಿಡುಗಡೆಗೂ ರೂಢಿ ಮಾಡಬೇಕು.