ಹಸಿರು ನೀರು, ಅವಸರದ ಕೈ

ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬ ಮೊನ್ನೆ ದೂರವಾಣಿ ಮಾಡಿದ್ದ. "ಗುರುಗಳೇ, ಮನೆಯ ಈಜುಕೊಳ ಹಸಿರುಗಟ್ಟಿದೆ. ಎಷ್ಟು ಕ್ಲೋರಿನ್ ಹಾಕಿದರೂ ಪಾಚಿ ಹೋಗುತ್ತಿಲ್ಲ" ಎಂದ. ನನಗೆ ಕಮತಗಿಯ ನಮ್ಮ ಮನೆಯ ಹೌದು ನೆನಪಾಯಿತು. ಅವ್ವ ಮೊದಲು ತೆಂಗಿನ ನಾರಿನಿಂದ ಅದರ ಗೋಡೆ ತಿಕ್ಕುತ್ತಿದ್ದಳು. ಬ್ಲೀಚಿಂಗ್ ಪುಡಿ ಬೀಳುತ್ತಿದ್ದುದು ಹೊತ್ತು ಮುಳುಗಿದ ಮೇಲೆಯೇ.

ಆ ಕ್ರಮದಲ್ಲಿ ರಸಾಯನಶಾಸ್ತ್ರವೇ ಅಡಗಿತ್ತು. ಬಿಸಿಲಿಗೆ ಕ್ಲೋರಿನ್ ಬೇಗ ಕ್ಷೀಣಿಸುತ್ತದೆ. ಉಳಿದುದನ್ನು ಗೋಡೆಗಂಟಿದ ಪಾಚಿ ನುಂಗುತ್ತದೆ. ನೀರಿನ ಪಿ.ಎಚ್. 8 ದಾಟಿದರಂತೂ ಅದರ ಶಕ್ತಿ ಬಹುಮಟ್ಟಿಗೆ ಕುಗ್ಗುತ್ತದೆ. ಆದ್ದರಿಂದ ಮೊದಲು ಪಿ.ಎಚ್. ಅಳೆದು 7.2ರಿಂದ 7.6ರೊಳಗೆ ತರಬೇಕು. ಅದಕ್ಕೆ ಬಳಸುವ ಆಮ್ಲವನ್ನು ಕ್ಲೋರಿನ್ ಪುಡಿಯೊಡನೆ ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಬಳಿಕ ಗೋಡೆ ತಿಕ್ಕಿ, ಸಂಜೆ ಕ್ಲೋರಿನ್ ಹಾಕಿ, ಶೋಧಕ ಯಂತ್ರವನ್ನು ರಾತ್ರಿಯಿಡೀ ನಡೆಸಬೇಕು.

ಅಳೆಯದೆ ಸುರಿಯುವ ಕೈಯೇ ಇಲ್ಲಿನ ದೋಷವೆಂಬುದು ನನ್ನ ಅಭಿಪ್ರಾಯ. ತಳ ಕಾಣದ ಕೊಳಕ್ಕೆ ಮಕ್ಕಳನ್ನು ಇಳಿಸಬೇಡಿ. ಅಲ್ಲಿ ಮುಳುಗಿದ ಮಗುವೂ ಕಾಣದು. ತರಗತಿಯಲ್ಲಿ ನಿಮಗೆ ಸೂತ್ರಗಳನ್ನು ಬಾಯಿಪಾಠ ಮಾಡಿಸಿದೆ, ಅಳೆಯುವುದನ್ನು ಕಲಿಸಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.