5.38ರ ಜೀಪು, 80ರ ಹೆದ್ದಾರಿ

ಹಳೆ ಜೀಪು ಕೈಗೆ ಬಂದವರೆಲ್ಲ ಮೊದಲ ತಿಂಗಳಲ್ಲೇ ಕೇಳೋ ಪ್ರಶ್ನೆ ಒಂದಿದೆ: "ಹೆದ್ದಾರಿಯಲ್ಲಿ 60 ದಾಟಿದ್ರೆ ಎಂಜಿನ್ ಕಿರುಚಾಡುತ್ತೆ, ಏನ್ ಮಾಡ್ಲಿ?" ಈ ಸಲ ಕೇಳಿದವನು ನಮ್ಮ ಟೀಮಿನ ಗೆಳೆಯ. ಮೂಡಿಗೆರೆ ಕಡೆಯವನು. ದೊಡ್ಡಪ್ಪನ ತೋಟದಲ್ಲಿದ್ದ ಜೀಪು ಈಗ ಇವನ ಪಾಲಿಗೆ ಬಂದಿದೆ. ವಾರವಿಡೀ ಬೆಂಗಳೂರು, ತಿಂಗಳಿಗೆ ಎರಡು ಸಲ ತೋಟ. ಗ್ಯಾರೇಜಿನವರು "ಕ್ರೌನ್ ಪಿನಿಯನ್ ಬದಲಾಯಿಸಿಬಿಡಿ ಸರ್, ಕಾರಿನ ಥರ ಓಡುತ್ತೆ" ಅಂದರಂತೆ. ದೊಡ್ಡಪ್ಪ ಮಾತ್ರ ಫೋನಿನಲ್ಲಿ, "ಅದಕ್ಕೆ ಕೈ ಹಾಕ್ಬೇಡ ಮಾರಾಯ" ಅಂದಿದ್ದಾರೆ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ತೀರ್ಮಾನ ಮಾಡೋಕೆ ಮುಂಚೆ ಒಂದು ಹತ್ತು ನಿಮಿಷ ಫೋನಿನ ಕ್ಯಾಲ್ಕ್ಯುಲೇಟರ್ ಹಿಡಿಯಬೇಕು.

ಎಂಜಿನ್ನಿನ ತಿರುಗು ಗೇರ್ ಬಾಕ್ಸ್ ದಾಟಿ, ಪ್ರೊಪೆಲ್ಲರ್ ಶಾಫ್ಟ್ ಮೂಲಕ ಆ್ಯಕ್ಸಲ್ ಹೌಸಿಂಗ್ ಒಳಗೆ ಹೋಗುತ್ತೆ. ಅಲ್ಲಿ ಒಂದು ಸಣ್ಣ ಪಿನಿಯನ್ ದೊಡ್ಡ ಕ್ರೌನ್ ಗೇರನ್ನು ತಿರುಗಿಸುತ್ತೆ. ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8 ಹಲ್ಲು ಇದ್ದರೆ 43 ಭಾಗಿಸು 8, ಅಂದರೆ 5.38. ಚಕ್ರ ಒಂದು ಸುತ್ತು ಬರೋಕೆ ಶಾಫ್ಟ್ 5.38 ಸುತ್ತು ತಿರುಗಬೇಕು. ಈ ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು, ವೇಗ ಕಮ್ಮಿ.

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಇದ್ದದ್ದು 4.88. ಯುದ್ಧ ಮುಗಿದ ಮೇಲೆ ಅದೇ ಕಂಪನಿ ರೈತರಿಗೆ ಅಂತ ಮಾಡಿದ ಸಿಜೆ ಜೀಪುಗಳಿಗೆ 5.38 ಹಾಕಿತು. ಹೊಲದಲ್ಲಿ ನೇಗಿಲು ಎಳೆಯೋ ಗಾಡಿಗೆ ವೇಗ ಯಾಕೆ ಬೇಕು? ಮಹೀಂದ್ರಾದವರು ಮುಂಬೈನಲ್ಲಿ ವರ್ಷಗಟ್ಟಲೆ ತಯಾರಿಸಿದ ಸಿಜೆ-3ಬಿ ಆ ವಂಶದ್ದೇ. ಅಂದರೆ ನಿಮ್ಮ ಜೀಪು 60ರಲ್ಲಿ ಕಿರುಚೋದು ಕಾಯಿಲೆ ಅಲ್ಲ, ಅದರ ಹುಟ್ಟುಗುಣ.

ಈಗ ಲೆಕ್ಕ. ಹಳೆ 6.00-16 ಟೈರಿನ ಎತ್ತರ ಸುಮಾರು 28.5 ಇಂಚು. ಒಂದು ಕಿ.ಮೀ.ಗೆ ಅದು ಹತ್ತಿರ ಹತ್ತಿರ 440 ಸುತ್ತು ಬರುತ್ತೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಟಾಪ್ ಗೇರಿನಲ್ಲಿ, 5.38 ಇದ್ದರೆ ಎಂಜಿನ್ ಸುಮಾರು 3,150 ಆರ್‌ಪಿಎಂ ತಿರುಗುತ್ತೆ. 4.88 ಹಾಕಿದರೆ 2,860. 4.27 ಹಾಕಿದರೆ 2,500. ಎಷ್ಟೋ ಹಳೆ ಜೀಪುಗಳಿಗೆ ಪೆಟ್ರೋಲ್ ಎಂಜಿನ್ ತೆಗೆದು ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ ಕೂರಿಸಿರ್ತಾರೆ. ಅಂಥ ಎಂಜಿನ್‌ಗೆ 3,000 ದಾಟಿದರೆ ಉಸಿರು ಕಟ್ಟುತ್ತೆ. 2,500ರಲ್ಲಿ ಹಾಡು ಹಾಡಿಕೊಂಡು ಹೋಗುತ್ತೆ. ಇಲ್ಲಿವರೆಗೆ ಗ್ಯಾರೇಜಿನವರದೇ ಸರಿ.

ಇನ್ನು ದೊಡ್ಡಪ್ಪನ ಲೆಕ್ಕ. ಮೂರು ಗೇರಿನ ಹಳೆ ಟಿ-90 ಬಾಕ್ಸಿನ ಫಸ್ಟ್ ಗೇರ್ 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46. ಇವೆರಡಕ್ಕೂ 5.38 ಗುಣಿಸಿದರೆ 37. ಎಂಜಿನ್ 1,000 ಆರ್‌ಪಿಎಂನಲ್ಲಿ ಇರುವಾಗ ಜೀಪು ಗಂಟೆಗೆ 3.7 ಕಿ.ಮೀ. ವೇಗದಲ್ಲಿ ತೆವಳುತ್ತೆ. ಪಕ್ಕದಲ್ಲಿ ಒಬ್ಬ ಆರಾಮವಾಗಿ ನಡ್ಕೊಂಡು ಬರಬಹುದು. 4.27 ಹಾಕಿದರೆ ಅದೇ 37 ಇಳಿದು 29 ಆಗುತ್ತೆ, ವೇಗ 4.6ಕ್ಕೆ ಏರುತ್ತೆ.

ಒಂದು ಕಿ.ಮೀ. ವ್ಯತ್ಯಾಸ ತಾನೇ ಅಂತ ಬೆಂಗಳೂರಲ್ಲಿ ಕೂತು ಅನ್ನಿಸುತ್ತೆ. ಮಳೆಗಾಲದಲ್ಲಿ ತೋಟದ ಇಳಿಜಾರು ನೆನಪಿಸಿಕೊಳ್ಳಿ. ಕೆಂಪು ಮಣ್ಣು ಸೋಪಿನ ಥರ ಆಗಿದೆ, ಹಿಂದೆ ಗೊಬ್ಬರದ ಮೂಟೆ, ಮೂಟೆ ಮೇಲೆ ನಾಲ್ಕು ಜನ ಕೆಲಸದವರು. ಅಲ್ಲಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಜೀಪು ಜಾರುತ್ತೆ. ಹಿಡಿದು ನಿಲ್ಲಿಸೋದು ಎಂಜಿನ್ ಮಾತ್ರ. ಆ ಹಿಡಿತದಲ್ಲಿ ಐದರಲ್ಲಿ ಒಂದು ಪಾಲು ಹೋಯ್ತು ಅಂತ ಅರ್ಥ. ದೊಡ್ಡಪ್ಪನಿಗೆ ಈ ಭಾಗಾಕಾರ ಗೊತ್ತಿಲ್ಲದೆ ಇರಬಹುದು, ಆದರೆ ಆ ಇಳಿಜಾರಿನಲ್ಲಿ ಕಾಲು ಬ್ರೇಕಿಗೆ ಹೋಗದೆ ಇಳಿಸಿದವರು ಅವರೇ.

ಹಾಗಾಗಿ ನನ್ನ ಪ್ರಕಾರ ರೇಷಿಯೋ ಆಯ್ಕೆ ಮಾಡಬೇಕಾದದ್ದು ನೀವು ಅತಿ ವೇಗವಾಗಿ ಓಡಿಸೋ ರಸ್ತೆ ನೋಡಿ ಅಲ್ಲ, ಅತಿ ನಿಧಾನವಾಗಿ ಇಳಿಸೋ ಜಾಗ ನೋಡಿ. ಹೆದ್ದಾರಿಯಲ್ಲಿ ತಪ್ಪು ರೇಷಿಯೋ ಇದ್ದರೆ ಕಿವಿ ನೋಯುತ್ತೆ, ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಅಷ್ಟೆ.

ಟೈರು ಮರೀಬೇಡಿ. ಹಳೆ ಜೀಪಿಗೆ ದಪ್ಪ ಟೈರು ಹಾಕೋ ಹುಚ್ಚು ಎಲ್ಲರಿಗೂ ಇರುತ್ತೆ. 31 ಇಂಚಿನ ಟೈರು ಹಾಕಿದರೆ ಕಿ.ಮೀ.ಗೆ 404 ಸುತ್ತು ಸಾಕು. 5.38 ಇದ್ದದ್ದು 4.95ರಂತೆ ವರ್ತಿಸೋಕೆ ಶುರು ಮಾಡುತ್ತೆ. ಅಂದರೆ ಹೌಸಿಂಗ್ ಬಿಚ್ಚದೇ 4.88ರ ಹತ್ತಿರ ಬಂದುಬಿಟ್ಟಿರಿ! ದೊಡ್ಡ ಟೈರೂ ಹಾಕಿ 4.27 ಕೂಡ ಹಾಕಿದರೆ ಅದು 3.9ರ ಲೆಕ್ಕಕ್ಕೆ ಇಳಿಯುತ್ತೆ. ಆಮೇಲೆ ಚಾರ್ಮಾಡಿ ಏರಿನಲ್ಲಿ ಟಾಪ್ ಗೇರ್ ಅನ್ನೋದು ಬರೀ ಅಲಂಕಾರ. ಆದ್ದರಿಂದ ಮೊದಲು ಟೈರು ತೀರ್ಮಾನ, ಆಮೇಲೆ ಗೇರು.

ನಿಮ್ಮ ಜೀಪಿನಲ್ಲಿ ಈಗ ಏನಿದೆ ಅಂತ ಆರ್‌ಸಿ ಪುಸ್ತಕದಲ್ಲಿ ಬರೆದಿರಲ್ಲ. ನಲವತ್ತು ವರ್ಷದಲ್ಲಿ ಯಾರ್ಯಾರು ಏನೇನು ಬದಲಾಯಿಸಿದ್ದಾರೋ. ನೀವೇ ಅಳೆಯಿರಿ, ಸುಲಭ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಟೂ ವೀಲ್‌ಗೆ ಹಾಕಿ, ಗೇರ್ ನ್ಯೂಟ್ರಲ್ ಮಾಡಿ. ಹ್ಯಾಂಡ್ ಬ್ರೇಕ್ ಬಿಡಿ, ಯಾಕಂದ್ರೆ ಈ ಜೀಪುಗಳಲ್ಲಿ ಅದು ಚಕ್ರ ಹಿಡಿಯಲ್ಲ, ಶಾಫ್ಟನ್ನೇ ಹಿಡಿಯುತ್ತೆ. ಹಿಂದಿನ ಒಂದು ಚಕ್ರ ಮಾತ್ರ ಜ್ಯಾಕ್ ಮೇಲೆ ಎತ್ತಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಎಷ್ಟು ಸುತ್ತು ಬಂತು ಎಣಿಸಿ. ಐದು ಸುತ್ತಿನ ಮೇಲೆ ಇನ್ನೊಂದು ಮೂರನೇ ಒಂದು ಭಾಗ ಬಂದರೆ 5.38. ಐದಕ್ಕೆ ಸ್ವಲ್ಪ ಮುಂಚೆ ನಿಂತರೆ 4.88. ಜೀಪಿನ ಅಡಿಗೆ ಮಾತ್ರ ನುಗ್ಗಬೇಡಿ, ಪಕ್ಕದಿಂದಲೇ ನೋಡಿ.

ಗ್ಯಾರೇಜಿನ ಇನ್ನೊಂದು ಸಲಹೆ ಕೇಳಿ ಮಾತ್ರ ನನಗೆ ಕೋಪ ಬಂತು. "ದುಡ್ಡು ಉಳಿಸೋಕೆ ಹಿಂದಿಂದು ಮಾತ್ರ ಬದಲಾಯಿಸೋಣ, ಫೋರ್ ವೀಲ್ ಯಾವಾಗಲೋ ಒಂದ್ಸಲ ತಾನೇ" ಅಂದರಂತೆ. ಇದು ಬೇಡವೇ ಬೇಡ. ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಟ್ಟಿಗೇ ತಿರುಗುತ್ತವೆ, ನಡುವೆ ಸಡಿಲ ಕೊಡೋ ಡಿಫರೆನ್ಶಿಯಲ್ ಇಲ್ಲ. ಮುಂದೆ 5.38, ಹಿಂದೆ 4.88 ಇದ್ದರೆ ಮುಂದಿನ ಚಕ್ರ 10 ಮೀಟರ್ ಹೋಗುವಾಗ ಹಿಂದಿನದು 11 ಮೀಟರ್ ಹೋಗೋಕೆ ಹೊರಡುತ್ತೆ. ಯಾವುದೋ ಚಕ್ರ ಜಾರಲೇಬೇಕು, ಇಲ್ಲ ಏನೋ ಒಂದು ಮುರೀಬೇಕು. ಅದು ಆಗೋದೂ ನಿಮಗೆ ಫೋರ್ ವೀಲ್ ತೀರಾ ಬೇಕಾದ ಜಾಗದಲ್ಲೇ. ಎರಡೂ ಹೌಸಿಂಗ್‌ಗೆ ಒಂದೇ ರೇಷಿಯೋ ಸಿಗುತ್ತಾ ಅಂತ ಖಾತ್ರಿ ಮಾಡಿಕೊಂಡೇ ಕೆಲಸಕ್ಕೆ ಕೊಡಿ. ಖರ್ಚು ಎರಡು ಪಟ್ಟು, ನಿಜ.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟು. ಜೀಪು ತೋಟಕ್ಕೂ ದುಡೀಬೇಕು ಅಂದರೆ 5.38 ಹಾಗೇ ಇರಲಿ. ಹೆದ್ದಾರಿ ಸುಖ ಬೇಕಿದ್ದರೆ ಐದು ಗೇರಿನ ಬಾಕ್ಸ್ ಹುಡುಕು. ಐದನೇ ಗೇರ್ 0.85 ಇದೆ ಅಂದ್ಕೋ, ಆಗ ಟಾಪಿನಲ್ಲಿ ಅದು 4.57ರ ಥರ ಓಡುತ್ತೆ, ಕೆಳಗಿನ ಹಿಡಿತಕ್ಕೆ ಹೌಸಿಂಗಿನ 5.38 ಇದ್ದೇ ಇರುತ್ತೆ. ಆ ಬಾಕ್ಸಿನ ಫಸ್ಟ್ ಗೇರ್ ಮಾತ್ರ 2.8ಕ್ಕಿಂತ ಕಮ್ಮಿ ಇರಬಾರದು, ಅದನ್ನ ಕೇಳಿಯೇ ತಗೋ. ಜೀಪು ಪೂರ್ತಿ ಬೆಂಗಳೂರಲ್ಲೇ ಇರೋದಾದರೆ 4.88 ಒಳ್ಳೆ ನಡುದಾರಿ. ಡೀಸೆಲ್ ಎಂಜಿನ್, ಹಳೆ ಅಳತೆಯ ಟೈರು, ತೋಟದ ಕೆಲಸ ಇಲ್ಲ, ಈ ಮೂರೂ ಸೇರಿದರೆ ಮಾತ್ರ 4.27. ಅದಾದ ಮೇಲೂ 100ರಲ್ಲಿ ಓಡಿಸ್ತೀನಿ ಅನ್ನಬೇಡ. ನಾಲ್ಕೂ ಕಡೆ ಡ್ರಮ್ ಬ್ರೇಕ್, 80 ಇಂಚಿನ ವೀಲ್‌ಬೇಸ್. ಗೇರ್ ಒಪ್ಪಿದರೂ ಅವು ಒಪ್ಪಲ್ಲ.

ಬದಲಾಯಿಸಿಯೇ ಬಿಟ್ಟರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ, ಅದು ಎಣಿಸೋದು ಶಾಫ್ಟಿನ ಸುತ್ತನ್ನ. 5.38ರಿಂದ 4.27ಕ್ಕೆ ಬಂದರೆ ಮುಳ್ಳು 63 ತೋರಿಸುವಾಗ ನೀವು ನಿಜಕ್ಕೂ 80ರಲ್ಲಿರ್ತೀರಿ. ಹೆದ್ದಾರಿ ಕ್ಯಾಮೆರಾಗೆ ಈ ಕತೆ ಬೇಡ, ಫೋನಿನ ಜಿಪಿಎಸ್ ನೋಡಿ. ಹೊಸ ಹಲ್ಲುಗಳು ಕೂತುಕೊಳ್ಳೋವರೆಗೆ ಭಾರ ಹಾಕಬೇಡಿ. ಮೊದಲ ದಿನ 25-30 ಕಿ.ಮೀ. ಓಡಿಸಿ ಹೌಸಿಂಗ್ ತಣ್ಣಗಾಗೋಕೆ ಬಿಡಿ. 500 ಕಿ.ಮೀ. ಆದ ಮೇಲೆ ಎಣ್ಣೆ ಇಳಿಸಿ ಬೆರಳಿನಲ್ಲಿ ಉಜ್ಜಿ ನೋಡಿ. ನುಣ್ಣನೆ ಬೂದಿಯಂಥ ಪುಡಿ ಸಿಕ್ಕರೆ ಪರವಾಗಿಲ್ಲ. ಉಗುರಿಗೆ ಸಿಗುವಂಥ ಚೂರು ಸಿಕ್ಕರೆ ಅದೇ ದಿನ ಮತ್ತೆ ಬಿಚ್ಚಿಸಿ.