ಇಲಿಯ ನೆನಪು, ಮಗುವಿನ ಪಾಠ

ಅರಕೇರಾದ ಗೃಹಸ್ಥರೊಬ್ಬರು ನಮಗೆ ಬರೆದು ಕೇಳಿರುವರು: ಮಗನ ಪರೀಕ್ಷೆಗೆ ಇನ್ನು ಹದಿನೈದು ದಿನಗಳಿವೆ, ರಾಯಚೂರಿನಿಂದ ಸ್ಮರಣಶಕ್ತಿಯ ಔಷಧವನ್ನು ತರಿಸಬೇಕೆಂದು ಮನೆಯವರ ಆಗ್ರಹ, ಇಲಿಗಳ ಮೇಲೆ ಅದರ ಗುಣವು ಸಿದ್ಧವಾಗಿದೆಯೆಂದು ಹೇಳುವರು, ನಂಬಬಹುದೇ? ಈ ಪ್ರಶ್ನೆಯು ಅನೇಕ ಮನೆಗಳದು.

ಇಲಿಗಳ ಮೇಲೆ ಪರೀಕ್ಷೆ ನಡೆದಿರುವುದು ಸುಳ್ಳಲ್ಲ. ದೂರವೇಕೆ, ನಮ್ಮ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಶೋಧಕರೇ ಒಂದೆಲಗದ ಹಸಿ ಎಲೆಯ ರಸವನ್ನು ಎಳೆಯ ಇಲಿಮರಿಗಳಿಗೆ ವಾರಗಟ್ಟಲೆ ಕುಡಿಸಿ, ಅದರ ಫಲವನ್ನು 2005 ಮತ್ತು 2009ರಲ್ಲಿ ಪ್ರಕಟಿಸಿರುವರು. ತೂಕದ ಪ್ರತಿ ಕಿಲೋಗ್ರಾಮಿಗೆ 2, 4, 6 ಮಿಲಿಲೀಟರಿನಂತೆ ಮೂರು ಪ್ರಮಾಣಗಳು. ಹೆಚ್ಚು ರಸವನ್ನು ಹೆಚ್ಚು ದಿನ ಕುಡಿದ ಮರಿಗಳು ಕಲಿತುದನ್ನು ಚೆನ್ನಾಗಿ ನೆನಪಿಟ್ಟುವು. ಮಿದುಳಿನ ಒಂದು ಭಾಗದ ನರಕೋಶಗಳಲ್ಲಿ ಕವಲುಗಳೂ ಹೆಚ್ಚಿದ್ದುವು. ಅದಕ್ಕೂ ಮೊದಲು, 1982ರಲ್ಲಿ, ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದ ಸಿಂಗ್ ಮತ್ತು ಧವನ್ ಎಂಬವರು ನೀರುಬ್ರಾಹ್ಮಿಯ ಸಾರದಿಂದ ಇಲಿಗಳ ಕಲಿಕೆಯು ಚುರುಕಾಗುವುದನ್ನು ತೋರಿಸಿದ್ದರು.

ಆದರೆ ಇಲಿಗೆ ಕಲಿಸುವ ಪಾಠವಾದರೂ ಯಾವುದು? ಒಂದು ಬಗೆಯಲ್ಲಿ, ಎಡಬಲಕ್ಕೆ ಕವಲೊಡೆದ ಓಣಿಯಲ್ಲಿ ತಿನಿಸು ಯಾವ ಕಡೆಗಿದೆಯೆಂಬುದನ್ನು ಅದು ನೆನಪಿಡಬೇಕು. ಇನ್ನೊಂದರಲ್ಲಿ ಬೆಳಕಿನ ಕೋಣೆ ಒಂದು, ಕತ್ತಲೆಯ ಕೋಣೆ ಒಂದು. ಕತ್ತಲೆಯನ್ನು ಮೆಚ್ಚುವ ಇಲಿಯು ಒಳಹೊಕ್ಕೊಡನೆ ಕಾಲಿಗೆ ವಿದ್ಯುತ್ತಿನ ಸಣ್ಣ ಆಘಾತವಾಗುವುದು. ಮರುದಿನ ಮತ್ತೆ ಬೆಳಕಿನಲ್ಲಿ ಬಿಟ್ಟಾಗ ಒಳಹೋಗಲು ಎಷ್ಟು ಹೊತ್ತು ಹಿಂಜರಿಯುವುದೋ ಅಷ್ಟು ನೆನಪೆಂದು ಲೆಕ್ಕ. ಇಲ್ಲೊಂದು ತೊಡಕುಂಟು. ಔಷಧವು ಬರಿಯ ಮಂಪರು ತರಿಸಿದರೂ ಇಲಿಯು ಬೆಳಕಿನಲ್ಲಿಯೇ ಕುಳಿತಿರುವುದು. ನೋಡುವವರಿಗೆ ಅದು ಮಹಾ ಮೇಧಾವಿಯೆಂದು ತೋರುವುದು! ಆದುದರಿಂದ ಎಚ್ಚರವುಳ್ಳ ಶೋಧಕರು ಅದರ ಓಡಾಟವನ್ನೂ ಬೇರೆಯಾಗಿ ಅಳೆಯುವರು.

ಮರೆವನ್ನು ತರಿಸುವ ಮದ್ದೂ ಈ ಪ್ರಯೋಗಗಳಲ್ಲಿ ಬೇಕಾಗುವುದು. ನಮ್ಮ ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಮದ್ದುಗುಣಿಕೆಯಲ್ಲಿ, ಎಂದರೆ ದತ್ತೂರಿಯಲ್ಲಿ, ಸ್ಕೋಪೋಲಮೀನ್ ಎಂಬ ವಿಷವಿದೆ. ಅದು ನರದಿಂದ ನರಕ್ಕೆ ಸುದ್ದಿಯೊಯ್ಯುವ ಅಸಿಟೈಲ್‌ಕೋಲೀನ್ ಎಂಬ ವಸ್ತುವಿನ ಕೆಲಸವನ್ನು ತಡೆಯುವುದು. ಇಲಿಯು ಕಲಿತುದನ್ನು ಮರೆಯುವುದು. ಆಗ ಪರೀಕ್ಷಿಸಬೇಕಾದ ಔಷಧವನ್ನಿತ್ತು, ಮರೆವು ಎಷ್ಟು ನೀಗಿತೆಂದು ನೋಡುವರು. ಹೀಗೆ ವಿಷದಿಂದ ಕೆಟ್ಟ ನೆನಪನ್ನು ಸರಿಪಡಿಸಿದ ಔಷಧವು, ಆರೋಗ್ಯವಂತ ಬಾಲಕನ ನೆನಪನ್ನು ಇನ್ನಷ್ಟು ಹೆಚ್ಚಿಸುವುದೆಂದು ಹೇಳಬರುವುದಿಲ್ಲ. ಇಲಿಯ ದೇಹವು ಔಷಧವನ್ನು ನಮಗಿಂತ ಬೇಗನೆ ಕರಗಿಸಿ ಹೊರಹಾಕುವುದರಿಂದ, ಅದರ ಪ್ರಮಾಣವನ್ನು ತೂಕಕ್ಕೆ ಸರಿಯಾಗಿ ಗುಣಿಸಿ ಮಗುವಿಗೆ ಕುಡಿಸುವುದೂ ಅಪಾಯಕರ.

ಮನುಷ್ಯರ ಮೇಲೂ ಪರೀಕ್ಷೆಗಳಾಗಿವೆ. 2001ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪರೀಕ್ಷೆಯಲ್ಲಿ ವಯಸ್ಕರು ನೀರುಬ್ರಾಹ್ಮಿಯ ಸಾರವನ್ನು ದಿನವೂ ಸೇವಿಸಿದರು; ಗುಣವು ಹೆಚ್ಚಾಗಿ ಕಂಡುದು 12 ವಾರಗಳಾದ ಮೇಲೆ. ಮಣಿಪಾಲದ ಮರಿಗಳಿಗೂ ವಾರಗಳೇ ಬೇಕಾದುವು. ಪರೀಕ್ಷೆಗೆ ಹದಿನೈದು ದಿನವಿರುವಾಗ ಸೀಸೆಯನ್ನು ತರಿಸಿ ಫಲವೇನು? ಆ ಹಣದಲ್ಲಿ ಹುಡುಗನಿಗೆ ಹಾಲು ಹಣ್ಣು ಕೊಡಿಸಿ, ರಾತ್ರಿ ಬೇಗ ಮಲಗಿಸುವುದೇ ಮೇಲೆಂದು ನಮ್ಮ ಮತ.

ಇಷ್ಟಾದರೂ ಕೊಳ್ಳಲೇಬೇಕೆನ್ನುವವರು ವೈದ್ಯರನ್ನು ಕೇಳಿದ ಮೇಲೆ ಹೆಸರನ್ನು ಓದಿ ಕೊಳ್ಳಬೇಕು. ಬ್ರಾಹ್ಮಿಯೆಂಬ ಒಂದೇ ಹೆಸರಿನಿಂದ ಎರಡು ಗಿಡಗಳು ಮಾರಾಟವಾಗುತ್ತಿವೆ. ಮಣಿಪಾಲದವರು ಕುಡಿಸಿದ ಒಂದೆಲಗವು ಸೆಂಟೆಲ್ಲಾ ಏಷ್ಯಾಟಿಕಾ. ಲಖನೌದವರ ನೀರುಬ್ರಾಹ್ಮಿಯು ಬಾಕೋಪಾ ಮೊನ್ನಿಯೇರಿ. ಎರಡಕ್ಕೂ ಕುಲಸಂಬಂಧವಿಲ್ಲ, ಒಂದರ ಪರೀಕ್ಷೆಯು ಇನ್ನೊಂದಕ್ಕೆ ಸಾಕ್ಷಿಯೂ ಅಲ್ಲ.